ನಾಲ್ಕೇ ಅಕ್ಷರದ ಬರಹ

ನಮ್ಮ ಕಡೆ ಅಡಕೆ ಕೊಯ್ಲು ಮುಗಿಯುತ್ತ ಬಂದಾಗ ಎರಡು ಸುದ್ದಿಗಳು ಒಟ್ಟಿಗೇ ಬರುತ್ತವೆ. ಒಂದು ಅಡಕೆಯ ಧಾರಣೆಯದು, ಇನ್ನೊಂದು ಎಲ್ಲೋ ಮಂಗ ಸತ್ತದ್ದು. ಧಾರಣೆಯ ಸುದ್ದಿಯನ್ನು ಗಂಡಸರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಮಾತಾಡುತ್ತಾರೆ. ಮಂಗನ ಸುದ್ದಿ ಹಿತ್ತಿಲ ಬಾಗಿಲಿಂದ ಮೆಲ್ಲಗೆ ಒಳಗೆ ಬರುತ್ತದೆ. ಯಾಕೆಂದರೆ ಕಾಡಿಗೆ ಹೋಗಿ ದರಕು ಗುಡಿಸಿ ತರುವವರು, ಸೌದೆ ಹೊರುವವರು, ಕೊಟ್ಟಿಗೆಗೆ ಸೊಪ್ಪು ತರುವವರು ಹೆಚ್ಚಾಗಿ ಹೆಂಗಸರೇ ತಾನೆ?

ನನ್ನ ತವರು ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆ. ಸೇರಿದ್ದು ಸಾಗರ. ನಡುವೆ ಹನ್ನೆರಡು ವರ್ಷ ತೀರ್ಥಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟೆ. ಈ ಮೂರೂ ಊರುಗಳಲ್ಲಿ ಮಳೆಯ ಲೆಕ್ಕ ಬೇರೆ, ಮಾತಿನ ರಾಗ ಬೇರೆ, ಉಪ್ಪಿನಕಾಯಿಯ ಖಾರ ಬೇರೆ. ಆದರೆ ಮಂಗನ ಕಾಯಿಲೆಯ ಹೆದರಿಕೆ ಮಾತ್ರ ಒಂದೇ.

ಈ ಕಾಯಿಲೆಗೆ ಲೋಕದ ಪುಸ್ತಕಗಳಲ್ಲಿರುವುದು ನಮ್ಮ ಜಿಲ್ಲೆಯದೇ ಒಂದು ಕಾಡಿನ ಹೆಸರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಿಂದೆಯೇ ಜನರಿಗೆ ಜ್ವರ ಬಂತು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂತೇನೋ ಎಂಬ ಅನುಮಾನದಿಂದ ಬಂದು ನೋಡಿದರು. ಅದು ಹಳದಿ ಜ್ವರವಲ್ಲ, ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಒಂದು ಕಾಯಿಲೆಯ ಹತ್ತಿರದ ನೆಂಟ ಎಂದು ತಿಳಿಯಿತು. ದರಕಿನಲ್ಲಿ ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣ ಉಣ್ಣೆಮರಿಗಳಿರುತ್ತವಲ್ಲ, ಅವೇ ಇದನ್ನು ಹೊತ್ತು ತಿರುಗುವುದು.

2018ರ ಕೊನೆಯಿಂದ 2019ರ ಬೇಸಿಗೆವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಈ ಜ್ವರ ಮತ್ತೆ ಎದ್ದಾಗ ಹಲವು ಮನೆಗಳಲ್ಲಿ ಸಾವಾಯಿತು. ಆ ವರ್ಷ ನಮ್ಮ ಕೊಟ್ಟಿಗೆಗೆ ದರಕು ತರುತ್ತಿದ್ದ ಹೆಂಗಸೂ ಮಲಗಿದಳು. ಹನ್ನೆರಡು ದಿನ ಜ್ವರ. ಬಿಟ್ಟಿತೆಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಇನ್ನೊಮ್ಮೆ ಬಂತು. ಅವಳ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಕಡೆಗೆ ಎದ್ದು ಓಡಾಡುವಂತಾದ ಮೇಲೆ ನಮ್ಮ ಅಂಗಳದಲ್ಲಿ ಕೂತು ಒಂದು ಮಾತು ಕೇಳಿದಳು. "ಅಲ್ಲಾ ಅಮ್ಮಾ, ನನ್ನ ರಕ್ತ ತಗಂಡು ಹೋದ್ರಲ, ಅದರಾಗೆ ಏನು ಓದಿದ್ರಂತೆ?"

"ಓದುವುದು" ಎಂಬ ಮಾತು ಅವಳ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಅದೇ ಸರಿಯಾದ ಮಾತು. ಪರೀಕ್ಷೆಯಲ್ಲಿ ಕಾಯಿಲೆ ಹೌದೋ ಅಲ್ಲವೋ ಎಂದು ಮೊದಲು ನೋಡುತ್ತಾರೆ. ಕೆಲವು ಮಾದರಿಗಳಲ್ಲಿ ಮುಂದಕ್ಕೂ ಹೋಗಿ ವೈರಸ್ಸಿನ ಒಳಗಿನ ಬರಹವನ್ನು ಓದುತ್ತಾರೆ. ಜೀವಿಗಳ ಬರಹಕ್ಕೆ ನಾಲ್ಕೇ ಅಕ್ಷರ. ಉಗ್ರಾಣದ ಪಟ್ಟಿಗಳಲ್ಲಿ ಅವನ್ನು ಎ, ಸಿ, ಜಿ, ಟಿ ಎಂದು ಗುರುತಿಸುತ್ತಾರೆ. ಮನುಷ್ಯನನ್ನು ಬರೆಯಲು ಸುಮಾರು 300 ಕೋಟಿ ಅಕ್ಷರ ಬೇಕು. ಮಂಗನ ಕಾಯಿಲೆಯ ವೈರಸ್ಸಿಗೆ ಸಾಕಾಗುವುದು 10,700 ಚಿಲ್ಲರೆ. ದೊಡ್ಡ ಅಕ್ಷರದಲ್ಲಿ ಬರೆದರೂ ಶಾಲೆಯ ಒಂದು ನೋಟುಬುಕ್ಕು ತುಂಬುವುದಿಲ್ಲ. ಅಷ್ಟು ಸಣ್ಣ ಬರಹ ಮೈಕಟ್ಟಿನ ಹೆಂಗಸೊಬ್ಬಳನ್ನು ತಿಂಗಳುಗಟ್ಟಲೆ ಮಲಗಿಸಿಬಿಡುತ್ತದೆ ನೋಡಿ.

ಹೀಗೆ ಓದಿದ್ದನ್ನೆಲ್ಲ ಒಂದು ಕಡೆ ಕೂಡಿಡುವ ಉಗ್ರಾಣಗಳಿವೆ. ಅಮೆರಿಕದ ಜೆನ್‌ಬ್ಯಾಂಕ್ 1982ರಲ್ಲಿ ಶುರುವಾಯಿತು. ಯುರೋಪಿನದೊಂದು, ಜಪಾನಿನದೊಂದು ಇವೆ. ಈ ಮೂರೂ ದಿನದಿನವೂ ತಮ್ಮಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತವೆ. ನಮ್ಮ ದೇಶವೂ 2022ರಲ್ಲಿ ಫರೀದಾಬಾದಿನಲ್ಲಿ ಇಂಥದೊಂದು ಕೇಂದ್ರ ತೆರೆಯಿತು. ಜೆನ್‌ಬ್ಯಾಂಕಿನಲ್ಲಿರುವುದನ್ನು ನೋಡಲು ಕಾಸಿಲ್ಲ, ಗುರುತಿನ ಚೀಟಿ ಇಲ್ಲ, ಯಾವ ಕಾಲೇಜು ಎಂದು ಕೇಳುವವರೂ ಇಲ್ಲ. ತೀರ್ಥಹಳ್ಳಿಯ ಹುಡುಗಿಗೂ ಬೋಸ್ಟನ್ನಿನ ಪ್ರೊಫೆಸರಿಗೂ ಒಂದೇ ಬಾಗಿಲು.

ಹೆಣ್ಣುಮಕ್ಕಳು ತಿಳಿದಿರಬೇಕಾದ ಮಾತೊಂದಿದೆ. ಇಂಥ ಉಗ್ರಾಣಕ್ಕೆ ಮೊದಲ ಕಪಾಟು ಜೋಡಿಸಿದವಳು ಮಾರ್ಗರೆಟ್ ಡೇಹಾಫ್ ಎಂಬ ಹೆಂಗಸು, ಇಬ್ಬರು ಹೆಣ್ಣುಮಕ್ಕಳ ತಾಯಿ. ಅಲ್ಲಿ ಇಲ್ಲಿ ಪತ್ರಿಕೆಗಳಲ್ಲಿ ಚದುರಿ ಹೋಗಿದ್ದ ಪ್ರೋಟೀನುಗಳ ವಿವರವನ್ನೆಲ್ಲ ಹೆಕ್ಕಿ, ತನ್ನ ಜೊತೆಯವರೊಡನೆ 1965ರಲ್ಲಿ ಒಂದು ಪುಸ್ತಕ ಮಾಡಿದಳು. ಅದರಲ್ಲಿದ್ದದ್ದು 65 ಪ್ರೋಟೀನು. ಪ್ರೋಟೀನಿನ ಒಂದೊಂದು ತುಣುಕಿಗೂ ಒಂದೊಂದೇ ಅಕ್ಷರದ ಹೆಸರಿಟ್ಟವಳೂ ಅವಳೇ. ಹರಡಿದ್ದನ್ನು ಹೆಕ್ಕಿ, ಹಸನು ಮಾಡಿ, ಡಬ್ಬಿಗೆ ಹಾಕಿ ಚೀಟಿ ಅಂಟಿಸುವ ಕೆಲಸ ನಮಗೆ ಹೊಸದೇನಲ್ಲ. ಅಡಿಗೆಮನೆಯಲ್ಲಿ ಮಾಡಿದರೆ ಯಾರೂ ಅದನ್ನು ವಿಜ್ಞಾನ ಎನ್ನುವುದಿಲ್ಲ, ಅಷ್ಟೇ.

ಕೂಡಿಟ್ಟರೆ ಏನು ಲಾಭ? ಇದನ್ನು ನಾನು ತರಗತಿಯಲ್ಲಿ ಹಾಡಿನ ಪುಸ್ತಕದ ಹೋಲಿಕೆ ಕೊಟ್ಟು ಹೇಳುತ್ತಿದ್ದೆ. ನಮ್ಮ ಸೀಮೆಯ ಮನೆಗಳಲ್ಲಿ ಮದುವೆ, ಸೀಮಂತದ ಹಾಡುಗಳನ್ನು ಬರೆದಿಟ್ಟುಕೊಂಡ ಪುಸ್ತಕಗಳಿರುತ್ತವೆ. ಅತ್ತೆಯದನ್ನು ಸೊಸೆ ನಕಲು ಮಾಡುತ್ತಾಳೆ, ಅವಳದನ್ನು ತಂಗಿ. ನಕಲು ಮಾಡುವಾಗ ಒಂದು ಅಕ್ಷರ ತಪ್ಪುತ್ತದೆ. ಮುಂದಿನವಳು ಆ ತಪ್ಪನ್ನೂ ಸೇರಿಸಿಯೇ ಬರೆದುಕೊಳ್ಳುತ್ತಾಳೆ. ನಾಲ್ಕು ಪುಸ್ತಕ ಎದುರಿಗಿಟ್ಟುಕೊಂಡು ಕೂತರೆ ಯಾವುದು ಯಾವುದರಿಂದ ಬಂತು, ಯಾವ ಹಾಡು ಯಾವ ಊರಿಗೆ ಯಾವ ಸೊಸೆಯ ಕೂಡ ಹೋಯಿತು ಎಂದು ಹೇಳಬಹುದು. ವೈರಸ್ಸೂ ಹೀಗೆಯೇ ತನ್ನನ್ನು ನಕಲು ಮಾಡುತ್ತ, ತಪ್ಪುತ್ತ ಹೋಗುತ್ತದೆ. ಆ ತಪ್ಪುಗಳೇ ಅದರ ವಂಶಾವಳಿ. ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಉಪಕರಣವಿದೆ. ಒಂದು ತುಣುಕು ಕೊಟ್ಟರೆ ಇಡೀ ಉಗ್ರಾಣ ಜಾಲಾಡಿ ಇದರ ನೆಂಟರು ಇಂಥವರು ಎಂದು ಹೇಳುತ್ತದೆ. ಅದಕ್ಕೂ ಕಾಸಿಲ್ಲ.

ಹೀಗೆ ಹುಡುಕಿದರೆ ಮಂಗನ ಕಾಯಿಲೆಯ ತೀರ ಹತ್ತಿರದ ನೆಂಟ ಎಲ್ಲಿರಬಹುದು ಹೇಳಿ? ಕೊಡಗಲ್ಲ, ಕೇರಳವಲ್ಲ, ಸೌದಿ ಅರೇಬಿಯ! ಅಲ್ಲಿ 1990ರ ದಶಕದಲ್ಲಿ ಸಿಕ್ಕ ಅಲ್ಖುರ್ಮಾ ವೈರಸ್ಸಿನ ಬರಹ ನಮ್ಮದಕ್ಕೆ ಬಹುಪಾಲು ಹೊಂದುತ್ತದೆ. ಹಾಗಾದರೆ ಇವೆರಡೂ ಯಾವಾಗ ಬೇರೆಯಾದವು? 2009ರಲ್ಲಿ ಬಂದ ಒಂದು ಅಧ್ಯಯನ 1942ರ ಸುಮಾರಿಗೆ ಎಂದಿತು. 2011ರಲ್ಲಿ ಇನ್ನೊಂದು ತಂಡ ಪೂರ್ತಿ ಬರಹಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ, ಅಲ್ಲ, ಸುಮಾರು 700 ವರ್ಷ ಹಿಂದೆ ಎಂದಿತು. ಅಜ್ಜನ ಕಾಲದ್ದೋ, ವಿಜಯನಗರ ಕಟ್ಟುವ ಕಾಲದ್ದೋ! ಮಕ್ಕಳು ಇದನ್ನು ಕೇಳಿ ನಗುತ್ತಿದ್ದರು. ಇಷ್ಟು ವ್ಯತ್ಯಾಸ ಬರುವ ಲೆಕ್ಕವನ್ನು ನಂಬುವುದು ಹೇಗೆ ಮೇಡಂ ಎನ್ನುತ್ತಿದ್ದರು. ಬರಹಗಳು ಎಲ್ಲರಿಗೂ ಕಾಣುವ ಹಾಗೆ ಇದ್ದದ್ದರಿಂದಲೇ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿರುಗಿ ಹಾಕಿ ನೋಡಲು ಆಯಿತು. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಮೊದಲು ಹೇಳಿದವರ ಮಾತೇ ವೇದವಾಗುತ್ತಿತ್ತು.

ಚೀನಾದ ಯುನ್ನಾನಿನ ಕಥೆಯೂ ಇದೆ. ಅಲ್ಲಿ 1989ರಲ್ಲಿ ಜ್ವರ ಬಂದವರೊಬ್ಬರಿಂದ ತೆಗೆದ ವೈರಸ್ಸು ಮಂಗನ ಕಾಯಿಲೆಯದೇ ಎಂದು 2009ರಲ್ಲಿ ಪ್ರಕಟವಾಯಿತು. ಅದರ ಬರಹ ನಮ್ಮಲ್ಲಿ 1957ರಲ್ಲಿ ತೆಗೆದ ಪಿ-9605 ಎಂಬ ಮಾದರಿಗೆ ಹೆಚ್ಚುಕಡಿಮೆ ಅಚ್ಚು ಹೊಯ್ದ ಹಾಗಿತ್ತು. ಮೂವತ್ತು ವರ್ಷ ಸಾವಿರಾರು ಮೈಲಿ ತಿರುಗಿದ ಹಾಡು ಒಂದು ಅಕ್ಷರವೂ ಕೆಡದೆ ಉಳಿದೀತೇ? ಕಾಡಿನಿಂದ ಬಂತೋ, ಪ್ರಯೋಗಾಲಯದೊಳಗೇ ಹಳೆಯ ಮಾದರಿ ಬೆರೆತು ಹೋಯಿತೋ ಎಂಬ ಅನುಮಾನ ಎದ್ದಿತು. ಹೀಗೆ ಅನುಮಾನಪಡಲೂ ಎದುರಿಗೆ ಎರಡು ಪುಸ್ತಕ ಬೇಕಷ್ಟೆ.

ಇದನ್ನೆಲ್ಲ ನಾನು ದರಕಿನವಳಿಗೆ ನನಗೆ ಬಂದ ಹಾಗೆ ಹೇಳಿದೆ. ನಿನ್ನಂಥವರ ರಕ್ತದಲ್ಲಿ ಓದಿದ ಬರಹ ದೂರದ ಊರುಗಳಲ್ಲಿದೆ, ಯಾರು ಬೇಕಾದರೂ ನೋಡಬಹುದು ಎಂದೆ. ಅವಳು ಎಲೆಯಡಕೆ ಮಡಿಸುತ್ತ ಕೇಳಿದಳು: "ನನ್ನ ಹೆಸರೂ ಕಾಣ್ತದಾ?" ಇಲ್ಲ, ಹೆಸರಿರುವುದಿಲ್ಲ, ಬರೀ ಊರು, ವರ್ಷ, ಒಂದು ನಂಬರು ಎಂದೆ. "ಸರಿ ಬಿಡಿ, ಅಷ್ಟು ಓದಿದ ಮೇಲೆ ಮದ್ದು ಸಿಕ್ತಾ?"

ಈ ಪ್ರಶ್ನೆಗೆ ನನ್ನಲ್ಲಿ ಸಲೀಸಾದ ಉತ್ತರವಿರಲಿಲ್ಲ. ಈ ಜ್ವರಕ್ಕೆಂದೇ ಮಾಡಿದ ಔಷಧಿ ಇಲ್ಲ. ಜ್ವರ ಇಳಿಸುವುದು, ನೀರು ಕೊಡುವುದು, ರಕ್ತಸ್ರಾವ ನೋಡಿಕೊಳ್ಳುವುದು ಇಷ್ಟೇ. ದಶಕಗಳಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಹಳೆಯ ಲಸಿಕೆ ಮಾಡಿದ ಕಾಲಕ್ಕೂ ಈಗಿನ ವೈರಸ್ಸಿಗೂ ಎಷ್ಟು ಅಕ್ಷರ ವ್ಯತ್ಯಾಸವಾಗಿದೆ ಎಂದು ನೋಡಿಕೊಳ್ಳುವುದಕ್ಕೆ ಅದೇ ಉಗ್ರಾಣಕ್ಕೆ ಹೋಗಬೇಕು. ಕೊರೊನಾ ಕಾಲದಲ್ಲಿ ಏನಾಯಿತೆಂದು ನಾವೇ ಕಂಡಿದ್ದೇವಲ್ಲ? 2020ರ ಜನವರಿಯಲ್ಲಿ ಆ ವೈರಸ್ಸಿನ ಬರಹ ಹೊರಗೆ ಬಂದ ವರ್ಷದೊಳಗೆ ಲಸಿಕೆ ಬಂತು. ಮಂಗನ ಕಾಯಿಲೆ ಕಂಡು 60 ವರ್ಷ ದಾಟಿದೆ. ಬರಹ ಎರಡಕ್ಕೂ ಬಯಲಿನಲ್ಲೇ ಇತ್ತು. ಓದುವವರಿಗೆ ಅವಸರವಿದ್ದದ್ದು ಒಂದಕ್ಕೆ ಮಾತ್ರ. ದರಕು ಗುಡಿಸುವವಳ ಜ್ವರಕ್ಕೆ ಲೋಕ ಅಷ್ಟು ಅವಸರ ಮಾಡುವುದಿಲ್ಲ.

ಅದಕ್ಕೇ ನಮ್ಮ ಹುಡುಗಿಯರು ಆ ಬಾಗಿಲ ಒಳಗೆ ಹೋಗಬೇಕು ಎನ್ನಿಸುತ್ತದೆ. ಈ ಕೆಲಸಕ್ಕೆ ಗಾಜಿನ ದೊಡ್ಡ ಪ್ರಯೋಗಾಲಯ ಬೇಡ, ಒಂದು ಕಂಪ್ಯೂಟರು, ಒಂದಿಷ್ಟು ಇಂಗ್ಲಿಷು, ತಾಳ್ಮೆ ಸಾಕು. ನನ್ನ ವಿದ್ಯಾರ್ಥಿನಿಯೊಬ್ಬಳು, ಅವಳ ಅಜ್ಜನನ್ನು ಇದೇ ಜ್ವರ ತೆಗೆದುಕೊಂಡಿತ್ತು, ಬಿ.ಎಸ್ಸಿ. ಮುಗಿಸಿ ಈಗ ಇಂಥ ಬರಹ ಹೋಲಿಸುವುದನ್ನೇ ಕಲಿಯುತ್ತಿದ್ದಾಳೆ. ನಮ್ಮ ಕಾಡಿನ ಹೆಸರು ಹೊತ್ತದ್ದನ್ನು ನಮ್ಮ ಕಾಡಿನವರೇ ಓದಿದರೆ, ಅವಸರವಾದರೂ ಇದ್ದೀತು.

ಅಲ್ಲಿಯವರೆಗೆ ಮೈಕೈಗೆ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ. ಬಂದ ಮೇಲೆ ಬಿಸಿನೀರು ಹುಯ್ದುಕೊಳ್ಳಿ, ಉಟ್ಟ ಸೀರೆಯನ್ನು ಕುದಿಯುವ ನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ ಕಳಿಸಿ. ಊರಿನವರೊಬ್ಬರು ಹೀಗೆ ಹೇಳಿ ಕಳಿಸಿದ ಮೇಲೆಯೇ ಓದುವವರು ಬರುವುದು.