ಕಾರಿನ ಹೊಟ್ಟೆಗೆ ಕಲಾಯಿ

ಕಾರು ಕೊಂಡವರೆಲ್ಲ ಅದರ ಮುಖ ನೋಡುತ್ತಾರೆ, ಬೆನ್ನು ನೋಡುತ್ತಾರೆ. ಹೊಟ್ಟೆ ನೋಡಿದವರು ಕಡಿಮೆ. ನೋಡಬೇಕೆಂದರೆ ನೆಲದ ಮೇಲೆ ಅಂಗಾತ ಮಲಗಬೇಕು. ನನ್ನ ವಯಸ್ಸಿನವನು ಅಂಗಳದಲ್ಲಿ ಹಾಗೆ ಮಲಗಿದರೆ ಮನೆಯವರು ಮೊದಲು ಡಾಕ್ಟರಿಗೆ ಫೋನ್ ಮಾಡುತ್ತಾರೆ. ಹಾಗಾಗಿ ನನ್ನ ಮೊದಲ ಕಾರಿನ ಹೊಟ್ಟೆಯ ಸಮಾಚಾರ ನನಗೆ ತಿಳಿದದ್ದು ಮೇಲಿನಿಂದಲೇ. ಒಂದು ಆಷಾಢದ ದಿನ ರಸ್ತೆಯ ಹೊಂಡದ ಮೇಲೆ ಕಾರು ಹಾಯಿಸಿದೆ. "ಅಲ್ರೀ, ಕಾಲು ಒದ್ದೆಯಾಯ್ತಲ್ಲ!" ಎಂದಳು ಹೆಂಡತಿ. ಕಿಟಕಿ ಮುಚ್ಚಿತ್ತು. ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಂಡಿತು.

ಹಾಗಂತ ಆ ಕಾರಿಗೆ ಅಂಡರ್ ಕೋಟಿಂಗ್ ಆಗಿರಲಿಲ್ಲವೆಂದು ತಿಳಿಯಬೇಡಿ. ಆಗಿತ್ತು! ದುಡ್ಡು ಕೊಟ್ಟು, ರಸೀದಿ ಇಟ್ಟುಕೊಂಡು ಮಾಡಿಸಿದ್ದೆ. ಆದರೆ ಮಾಡಿಸಿದ್ದು ಮಳೆ ಹಿಡಿದ ಮೇಲೆ. ನೀರು ಹೊಡೆದು ತೊಳೆದರು, ಅರ್ಧ ಗಂಟೆಯಲ್ಲಿ ಕಪ್ಪಗೆ ಬಳಿದು ಕಳಿಸಿದರು. ಒಳಗಿದ್ದ ತೇವ ಒಳಗೇ ಉಳಿಯಿತು, ಆಗಲೇ ಹುಟ್ಟಿದ್ದ ತುಕ್ಕಿಗೆ ಬೆಚ್ಚನೆಯ ಕಂಬಳಿ ಹೊದೆಸಿದಂತಾಯಿತು. ನಾನು ಮೂರು ವರ್ಷ ನಿಶ್ಚಿಂತೆಯಿಂದ ಓಡಾಡಿದೆ. ತುಕ್ಕೂ ಅಷ್ಟೇ ನಿಶ್ಚಿಂತೆಯಿಂದ ಉಂಡಿತು.

ನಮ್ಮದು ತೀರ್ಥಹಳ್ಳಿ ಕಡೆ. ಪಕ್ಕದ ಆಗುಂಬೆಯಲ್ಲಿ ವರ್ಷದ ಮಳೆಯ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಇಂಥ ಕಡೆ ಚಪ್ಪಲಿಗೂ ಬೂಸ್ಟು ಬರುತ್ತದೆ, ಕಬ್ಬಿಣ ಯಾವ ಲೆಕ್ಕ? ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕರೆ ಸಾಕು, ತುಕ್ಕು ಶುರು. ಅಲ್ಯೂಮಿನಿಯಂ ಕೂಡ ಗಾಳಿಗೆ ಮೈಯೊಡ್ಡಿ ಹೀಗೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆದರೆ ಆ ಪೊರೆ ಮೈಗಂಟಿ ನಿಂತು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಬುದ್ಧಿಯಿಲ್ಲ. ಉಬ್ಬುತ್ತದೆ, ಹಕ್ಕಳೆಯಾಗಿ ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ಮಳೆಗೆ ಒಡ್ಡುತ್ತದೆ. ಘಟ್ಟ ಇಳಿದರೆ ಇದಕ್ಕೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಹಾಗಿದ್ದೂ ಕೊಡಚಾದ್ರಿಯ ಗುಡಿಯ ಎದುರು ಕಬ್ಬಿಣದ ಕಂಬವೊಂದು ಯಾವ ಕಾಲದಿಂದಲೋ ಮಳೆಯಲ್ಲಿ ನೆನೆಯುತ್ತ ನಿಂತಿದೆ. ದೇವಿಯ ತ್ರಿಶೂಲ ಅದು ಎನ್ನುತ್ತಾರೆ. ದೇವಿಗೆ ರಸೀದಿಯ ರಗಳೆಯಿಲ್ಲ.

ಮಳೆಗೆ ಮೊದಲೇ ಬಳಿಯಬೇಕೆಂಬ ಬುದ್ಧಿ ಅಡಿಕೆ ಬೆಳೆಯುವ ನನಗೆ ಹೊಳೆಯದೆ ಹೋದದ್ದು ನಾಚಿಕೆಯ ಸಂಗತಿ. ತೋಟಕ್ಕೆ ಮದ್ದು ಹೊಡೆಸುವಾಗ ನಾನು ಒಂದು ದಿನವೂ ತಡ ಮಾಡಿದವನಲ್ಲ. ಹಿಂದೆ ಕೊಳೆರೋಗಕ್ಕೆ ಹೆದರಿ ಗೊನೆಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸಲು ಕಲಿಸಿದರು. ಕೋಲ್ಮನ್ ಕೆನಡಾದವರು. ಆ ದೇಶದಲ್ಲಿ ಚಳಿಗಾಲದ ರಸ್ತೆಯ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರೆ, ಆ ಉಪ್ಪುನೀರು ಕಾರುಗಳ ಅಡಿ ತಿನ್ನುತ್ತದೆ. ಅದಕ್ಕೇ ಅಲ್ಲಿನವರು ಹಿಮ ಬೀಳುವ ಮೊದಲು ಕಾರಿನ ಹೊಟ್ಟೆಗೆ ಎಣ್ಣೆ ಹೊಡೆಸುತ್ತಾರೆ. ಅಂದರೆ ಅವರ ಕಾರಿಗೂ ನಮ್ಮ ಅಡಿಕೆಗೂ ಒಂದೇ ಪಂಚಾಂಗ!

ಎರಡನೆಯ ಕಾರು ಕೊಂಡಾಗ ಏಪ್ರಿಲ್‌ನಲ್ಲೇ ಹೊರಟೆ, ಬೇರೆ ಗ್ಯಾರೇಜಿಗೆ. ಬಳಿಯುವ ಡಬ್ಬಿ ಎಲ್ಲೆಂದು ನೋಡಿದರೆ ಅಲ್ಲಿಯ ಹುಡುಗ ತಂತಿ ಬ್ರಷ್ ಹಿಡಿದು ಕೂತಿದ್ದ. ಕಾರನ್ನು ಮೇಲೆತ್ತಿ, ಚಕ್ರ ಕಳಚಿ, ಮೂಲೆಮೂಲೆಯ ಕೆಸರು ಕೆರೆದ. ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಟ್ಟ. ತುಕ್ಕಿನ ಚುಕ್ಕೆ ಕಂಡಲ್ಲೆಲ್ಲ ಉಜ್ಜಿ ಪ್ರೈಮರ್ ಹಚ್ಚಿದ. ಸೈಲೆನ್ಸರಿಗೆ, ಬ್ರೇಕಿಗೆ ಹಳೆಯ ಪತ್ರಿಕೆ ಸುತ್ತಿದ: ಅವು ಬಿಸಿಯಾಗುವ ಜಾಗ, ಬಳಿದರೆ ಹೊಗೆ, ವಾಸನೆ, ಅಪಾಯ.

ಅವನನ್ನು ನೋಡುತ್ತ ನನಗೆ ಬಾಲ್ಯದ ಕಲಾಯಿಯವನು ನೆನಪಾದ. ಅಮ್ಮ ತಾಮ್ರದ ಪಾತ್ರೆಗಳನ್ನು ಅವನ ಮುಂದೆ ರಾಶಿ ಹಾಕುತ್ತಿದ್ದರು. ಪಾತ್ರೆಯೊಳಗೆ ಮರಳು ಹಾಕಿ, ಅದರ ಮೇಲೆ ನಿಂತು, ಸೊಂಟ ತಿರುಗಿಸಿ ತಿರುಗಿಸಿ ಉಜ್ಜುವುದೇ ಮುಕ್ಕಾಲು ಕೆಲಸ. ಆಮೇಲೆ ಬೆಂಕಿ, ಒಂದು ಚಿಟಿಕೆ ನವಸಾಗರ, ತವರದ ಕಡ್ಡಿಯ ಒಂದು ತಾಗು, ಅರಿವೆಯಿಂದ ಒಂದು ಸುತ್ತು: ಪಾತ್ರೆ ಬೆಳ್ಳಿ! ಮಕ್ಕಳಾದ ನಮಗೆ ಆ ಕೊನೆಯ ಸುತ್ತೇ ಕಲಾಯಿ. ದೊಡ್ಡವನಾದ ಮೇಲೂ ನಾನು ಗ್ಯಾರೇಜಿನವರಿಗೆ ಕೊಟ್ಟದ್ದು ಆ ಕೊನೆಯ ಸುತ್ತಿನ ದುಡ್ಡನ್ನೇ.

ಕಪ್ಪು ಬಳಿದು ಮುಗಿಸಿದ ಹುಡುಗ ಸಣ್ಣ ತಂತಿಯೊಂದನ್ನು ಹಿಡಿದು ಬಾಗಿಲುಗಳ ತಳವನ್ನು ಒಂದೊಂದಾಗಿ ಚುಚ್ಚತೊಡಗಿದ. ಈಗಷ್ಟೇ ಬಳಿದದ್ದಕ್ಕೆ ಇದೆಂಥ ತೂತು ಎಂದು ಗಾಬರಿಯಾಯಿತು.

"ಎಂತದೋ ಮಾರಾಯ ಅದು?"

"ಡ್ರೈನ್ ಹೋಲು ಸಾರ್. ಇದು ಮುಚ್ಚಿಹೋದ್ರೆ ಬಾಗಿಲೊಳಗೆ ನೀರು ನಿಲ್ತದೆ. ಬರೋ ನೀರನ್ನ ಯಾರೂ ಪೂರ್ತಿ ತಡೆಯೋಕಾಗಲ್ಲ. ಹೋಗೋಕೆ ದಾರಿ ಬಿಡ್ಬೇಕು."

ಈ ಮಾತನ್ನು ದಾರಿಯುದ್ದಕ್ಕೂ ಮೆಲುಕು ಹಾಕಿದೆ, ಮನೆಗೆ ಬಂದವನೇ ನನ್ನದೇ ಕಾಣ್ಕೆ ಎಂಬಂತೆ ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಏಣಿ ತೋರಿಸಿದಳು. ಸೂರಿನ ದೋಣಿಯಲ್ಲಿ ಹೋದ ವರ್ಷದ ಎಲೆಯೆಲ್ಲ ಹಾಗೇ ಕೂತಿತ್ತು.