ತೀರ್ಮಾನ ಮೊದಲು, ಪ್ರಯೋಗ ಆಮೇಲೆ

ಉದ್ದೇಶ, ಸಲಕರಣೆ, ವಿಧಾನ, ವೀಕ್ಷಣೆ, ತೀರ್ಮಾನ. ಈ ಕ್ರಮ ತಪ್ಪಿಸಿ ಪ್ರಯೋಗದ ಪುಸ್ತಕ ಬರೆದ ಹುಡುಗರಿಗೆ ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತ ಬಂದವನು ನಾನು. ಕಳೆದ ಮಳೆಗಾಲದಲ್ಲಿ ಆ ಗೆರೆ ನನಗೇ ಬಿತ್ತು. ಎಳೆದದ್ದು ಒಂದು ಹಳೆಯ ವ್ಯಾನು!

ಕಾಗದನಗರದಲ್ಲಿ ನಮ್ಮ ಎದುರು ಮನೆಯವರು ಮಿಲ್ಲಿನಲ್ಲಿ ಮೀಟರು, ಗೇಜುಗಳ ರಿಪೇರಿ ನೋಡಿಕೊಳ್ಳುತ್ತಿದ್ದವರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವಲ್ಲ, ಆಮೇಲೆ ಕೈಗೆ ಬಂದ ಹಣದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ವ್ಯಾನು ಕೊಂಡು ಶಾಲೆ ಮಕ್ಕಳನ್ನು ಬಿಟ್ಟು ಬರತೊಡಗಿದರು. ಮುಂದಿನ ಸೀಟು ಎತ್ತಿದರೆ ಕೆಳಗೇ ಎಂಜಿನ್ನು. ಈಗ ಆ ಮನೆಯ ಒಲೆ ಉರಿಯುವುದು ಈ ಎಂಜಿನ್ನು ಓಡಿದರೆ ಮಾತ್ರ.

ಜುಲೈ ಮಳೆ ಹಿಡಿದದ್ದೇ ವ್ಯಾನಿಗೆ ವಿಚಿತ್ರ ಕಾಯಿಲೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಕಾದ ಮೇಲೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ನಿಂತರೆ ಮತ್ತೆ ಏಳದು. ಎರಡು ದಿನ ಮಕ್ಕಳು ನಡುದಾರಿಯಲ್ಲಿ ಕಾದು ಕೂತರು. ಇಬ್ಬರು ತಾಯಂದಿರು, "ಮುಂದಿನ ತಿಂಗಳಿಂದ ಆಟೊ ನೋಡ್ಕೋತೀವಿ" ಎಂದುಬಿಟ್ಟರು.

ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿಸಿದಾಗ ಬಂದದ್ದು ಪಿ 0118 ಎಂಬ ಸಂಕೇತ. 'ಕೂಲಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್' ಎಂದು ಬರೆದ ಚೀಟಿ ಹಿಡಿದು ಅವರು ನನ್ನ ಬಳಿ ಬಂದರು.

"ಸೆನ್ಸರ್ ಹೋಗಿದೆ, ಹೊಸದು ಹಾಕಿಸಿಬಿಡಿ" ಎಂದೆ.

"ಮೇಷ್ಟ್ರೇ, ವೈರೂ ಒಂದ್ಸಲ ನೋಡಣ್ವಾ?"

"ಕಂಪ್ಯೂಟರೇ ಹೇಳ್ತಿದೆಯಲ್ರೀ!"

ಅವರು ಸುಮ್ಮನಾದರು. ಮೇಷ್ಟ್ರ ಮಾತಲ್ಲವೇ! ಒಂದು ಮಗುವಿನ ತಿಂಗಳ ಬಾಡಿಗೆ ಸೆನ್ಸರಿಗೆ ಹೋಯಿತು. ಮೂರನೆಯ ದಿನ ವ್ಯಾನು ಮತ್ತೆ ನಿಂತಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಭಾನುವಾರ ತೆಗೆದಿಟ್ಟಿದ್ದ ಹಳೆಯ ಸೆನ್ಸರನ್ನು ತರಿಸಿ, ಶಾಲೆಯ ತಾಪಮಾಪಕ, ಮಲ್ಟಿಮೀಟರುಗಳೊಂದಿಗೆ ಅಡುಗೆಮನೆ ಹೊಕ್ಕೆ. "ಹಾಲಿನ ಪಾತ್ರೆ ಮುಟ್ಟಬೇಡಿ" ಎಂದಳು ನನ್ನವಳು. ಬೇರೆ ಪಾತ್ರೆಯಲ್ಲಿ ಫ್ರಿಜ್ಜಿನ ನೀರು ಬೆರೆಸಿ 20 ಡಿಗ್ರಿಗೆ ತಂದೆ: ರೋಧ ಸುಮಾರು ಎರಡೂವರೆ ಸಾವಿರ ಓಮ್. ಕಾಯಿಸುತ್ತ ಹೋದಂತೆ ಇಳಿಯುತ್ತ ಬಂದು 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಲೋಹದ ತಂತಿ ಕಾದರೆ ರೋಧ ಏರುತ್ತದೆ. ಈ ಥರ್ಮಿಸ್ಟರಿನದು ಇಳಿಯುತ್ತದೆ. ಅದರ ಧರ್ಮವೇ ಅದು. ಅಂದರೆ ಹಳೆಯ ಸೆನ್ಸರು ನಿರಪರಾಧಿ!

ಈಗ ಎದುರು ಮನೆಯವರು ಒಂದೂ ಮಾತಾಡದೆ ಸೀಟು ಎತ್ತಿದರು. ಸೆನ್ಸರಿಗೆ ಸಿಕ್ಕಿಸುವ ವೈರಿನ ಕನೆಕ್ಟರ್ ಕಿತ್ತು ತೋರಿಸಿದರು. ಒಳಗೆ ಹಸಿರು ಕಿಲುಬು. ಸೆನ್ಸರಿನ ಮುನ್ನೂರು ಓಮಿಗೆ ಕಿಲುಬಿನ ರೋಧವೂ ಸೇರಿದಾಗ ಕಾದ ಎಂಜಿನ್ನು ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಬಗೆದು ಪೆಟ್ರೋಲ್ ಸುರಿಯುತ್ತಿತ್ತು. ಸಂಪರ್ಕ ಪೂರ್ತಿ ತಪ್ಪಿದಾಗ ಎಚ್ಚರಿಕೆಯ ದೀಪ. ಸರಣಿಯಲ್ಲಿ ರೋಧಗಳು ಕೂಡುತ್ತವೆಂದು ಹತ್ತನೇ ತರಗತಿಗೆ ಪಾಠ ಹೇಳುವವನು ನಾನೇ! ಚೀಟಿಯಲ್ಲಿದ್ದ 'ಸರ್ಕ್ಯೂಟ್' ಎಂಬ ಪದವನ್ನು ಓದದೆ ಬಿಟ್ಟವನೂ ನಾನೇ.

ಕಿಲುಬು ಉಜ್ಜಿ, ಪಿನ್ನು ಬಿಗಿ ಮಾಡಿ ಸಿಕ್ಕಿಸಿದರು. ಖರ್ಚು ಸೊನ್ನೆ. ಅಂದಿನಿಂದ ವ್ಯಾನು ನಿಂತಿಲ್ಲ. ಆದರೆ ಆ ಇಬ್ಬರು ಮಕ್ಕಳಲ್ಲಿ ಒಂದು ಆಟೊಗೆ ಹೋಗಿಯೇ ಬಿಟ್ಟಿತು.

ಹೊಸ ಸೆನ್ಸರು ವ್ಯಾನಿನಲ್ಲೇ ಉಳಿಯಿತು. ದುಡ್ಡು ಕೊಡಹೋದರೆ ಅವರು ಮುಟ್ಟಲಿಲ್ಲ. ಕಡೆಗೆ, "ಲ್ಯಾಬಿಗೆ ಬೇಕು" ಎಂದು ಹಳೆಯದನ್ನೇ ಹೊಸದರ ಬೆಲೆಗೆ ಕೊಂಡೆ. ಈಗ ಮಕ್ಕಳು ಅದನ್ನು ಬಿಸಿನೀರಿಗಿಳಿಸಿ ಅಳೆಯುತ್ತಾರೆ. "ತೀರ್ಮಾನ ಕೊನೆಗೇ ಬರೀಬೇಕು" ಎನ್ನುವಾಗ ಮಾತ್ರ ನನ್ನ ದನಿ ಮೊದಲಿನಷ್ಟು ಏರುವುದಿಲ್ಲ.