ಮೊದಲ ಪಂಕ್ತಿ, ಎರಡನೆಯ ಪಂಕ್ತಿ



ಗುರುಮಠದಲ್ಲಿ ನನ್ನ ಜೊತೆ ಓದಿದ ಗೆಳೆಯನ ತಮ್ಮನೊಬ್ಬ ವಿದೇಶದ ಪ್ರವಾಸಿ ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾನೆ. ಮಂಗಳೂರು, ಗೋವಾ ಕಡೆಯ ಅನೇಕ ಕ್ರೈಸ್ತ ಕುಟುಂಬಗಳ ಮಕ್ಕಳು ಇಂಥ ಹಡಗುಗಳಲ್ಲಿ ದುಡಿಯುತ್ತಿರುವುದು ನಿಮಗೆ ಗೊತ್ತೇ ಇದೆ. ಕಳೆದ ಸಲ ರಜೆಗೆ ಬಂದವನು ಅಣ್ಣನ ಜೊತೆ ಮುಂಬೈ ರೈಲು ಹಿಡಿದು ಆದೋನಿಗೂ ಬಂದ. ರಾತ್ರಿ ನಮ್ಮ ಗುರುನಿವಾಸದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಕೂತಾಗ ಅವನ ಕೆಲಸದ ಮಾತು ಬಂತು.

"ಹಡಗಿನಲ್ಲಿ ಎರಡು ಮೂರು ಸಾವಿರ ಜನರಿರುತ್ತಾರೆ ಫಾದರ್. ಎಲ್ಲರಿಗೂ ಒಂದೇ ಸಲಕ್ಕೆ ಊಟದ ಹಾಲ್‌ನಲ್ಲಿ ಜಾಗ ಸಾಲುವುದಿಲ್ಲ. ಅದಕ್ಕೆ ಟಿಕೆಟ್ ಮಾಡಿಸುವಾಗಲೇ ಕೇಳುತ್ತಾರೆ, ಸಂಜೆ ಆರು ಗಂಟೆಯ ಊಟವೋ, ರಾತ್ರಿ ಎಂಟೂವರೆಯ ಊಟವೋ ಅಂತ. ಆ ಆಯ್ಕೆಗಾಗಿ ಗಂಡ ಹೆಂಡಿರ ನಡುವೆ ಜಗಳವಾಗುವುದನ್ನೂ ನೋಡಿದ್ದೇನೆ" ಎಂದು ನಕ್ಕ. ವಯಸ್ಸಾದವರು, ಚಿಕ್ಕ ಮಕ್ಕಳಿರುವವರು ಮೊದಲಿನದನ್ನು ಕೇಳುತ್ತಾರಂತೆ. ಊರು ಸುತ್ತಿ ತಡವಾಗಿ ಹಡಗು ಹತ್ತುವವರು, ನಿಧಾನವಾಗಿ ಹರಟುತ್ತಾ ಉಣ್ಣುವವರು ಎರಡನೆಯದನ್ನು ಆರಿಸುತ್ತಾರಂತೆ. ಈಗ ಬೇಕಾದ ಹೊತ್ತಿಗೆ ಬಂದು ಉಣ್ಣುವ ವ್ಯವಸ್ಥೆಯೂ ಅನೇಕ ಹಡಗುಗಳಲ್ಲಿ ಇದೆಯಂತೆ.

"ಮತ್ತೆ ನೀನು ಯಾವ ಪಂಕ್ತಿಯಲ್ಲಿ ಉಣ್ಣುತ್ತೀಯಪ್ಪಾ?" ಎಂದು ಕೇಳಿದೆ.

"ನಾವು ಮೂರನೆಯ ಪಂಕ್ತಿ ಫಾದರ್. ಎಲ್ಲರೂ ಎದ್ದು, ಮೇಜು ಒರೆಸಿ, ತಟ್ಟೆ ಜೋಡಿಸಿಟ್ಟ ಮೇಲೆ."

ಅವನು ಸಹಜವಾಗಿ ಹೇಳಿದ ಮಾತು ನನಗೆ ಮಾತ್ರ ಚುಚ್ಚಿತು. ಏಕೆಂದರೆ ಮೂರನೆಯ ಪಂಕ್ತಿ ಹಡಗಿನಲ್ಲಿ ಮಾತ್ರ ಇಲ್ಲ. ನಮ್ಮ ಮನೆಮನೆಯಲ್ಲೂ ಇದೆ. ಅಲ್ಲಿ ಕೂತವರನ್ನು ನಾವು 'ಅವ್ವ' ಎನ್ನುತ್ತೇವೆ, 'ಸೊಸೆ' ಎನ್ನುತ್ತೇವೆ. ಆ ಪಂಕ್ತಿಯ ಬೆಲೆ ಏನೆಂಬುದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಅದನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ನಾಲ್ಕಾರು ವರ್ಷಗಳ ಹಿಂದಿನ ಮಾತು. ದಸರೆ ಕಳೆದು ಹತ್ತಿಯ ಕಾಲ ಶುರುವಾಗಿತ್ತು. ಆ ದಿನಗಳಲ್ಲಿ ಆದೋನಿಯ ಮಾರುಕಟ್ಟೆ ಯಾರ್ಡನ್ನು ನೋಡಿದವರಿಗೆ ಗೊತ್ತು. ಹತ್ತಿ ಹೇರಿದ ಗಾಡಿಗಳು, ತೂಕದವರು, ಹಮಾಲರು, ದಲಾಲರು. ಜಿನ್ನಿಂಗ್ ಮಿಲ್ಲುಗಳಲ್ಲಿ ರಾತ್ರಿ ಪಾಳಿ. ಹೊಳಗುಂದಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕನ್ನಡದ ಕುಟುಂಬವೊಂದು ಹೊಸ ಕೋಣೆ ಕಟ್ಟಿಸಿತ್ತು. "ಫಾದರ್, ಬಂದು ಆಶೀರ್ವಾದ ಮಾಡ್ರಿ, ರಾತ್ರಿ ನಮ್ಮನ್ಯಾಗೇ ಊಟ" ಎಂದು ಕರೆದಿದ್ದರು. ಎಂಟು ಗಂಟೆಗೆ ಬರುತ್ತೇನೆಂದು ಮಾತು ಕೊಟ್ಟೆ. ಅದಕ್ಕೆ ಮುಂಚೆ ಇನ್ನೊಂದು ಮನೆ, ಅಲ್ಲಿ ಚಹಾ, ದಾರಿಯಲ್ಲಿ ಒಬ್ಬರ ಜಮೀನಿನ ತಕರಾರಿನ ಮಾತು. ನಾನು ತಲುಪಿದಾಗ ಹತ್ತಾಗಿತ್ತು. ಫೋನು ಕೈಯಲ್ಲೇ ಇತ್ತು. 'ತಡವಾಗುತ್ತದೆ, ನೀವು ಉಣ್ಣಿ' ಎಂಬ ಒಂದು ಮಾತು ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಎಂಟು ಗಂಟೆಗೆ ಊಟವೆಂದು ಲೆಕ್ಕ ಹಾಕಿ, ಊಟಕ್ಕೆ ಮುಂಚಿನ ಮಾತ್ರೆಯನ್ನು ನುಂಗಿ ಕೂತಿದ್ದರು. ಮೊಮ್ಮಕ್ಕಳು "ಅಜ್ಜಿ, ನೀ ಉಣ್ಣು" ಎಂದರೆ, "ಫಾದರ್ ಉಣ್ಣೋ ಮುಂಚೆ ನಾ ಹ್ಯಾಂಗ ಉಣ್ಲಿ" ಎಂದರಂತೆ. ನಾನು ಒಳಗೆ ಕಾಲಿಟ್ಟು, ತಡವಾದದ್ದಕ್ಕೆ ಕಾರಣ ಹೇಳುತ್ತಿದ್ದೆ. ಅಜ್ಜಿ ಗೋಡೆಗೆ ಒರಗಿ ಕೂತವರು ಬೆವರುತ್ತಿದ್ದರು. ಕೈ ನಡುಗುತ್ತಿತ್ತು. ಏನೋ ಸಂಬಂಧವಿಲ್ಲದ ಮಾತಾಡಿದರು. ಆಮೇಲೆ ಪಕ್ಕಕ್ಕೆ ವಾಲಿದರು.

ದೇವರ ದಯೆಯಿಂದ ಆ ಮನೆಯ ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಳು. ಅಜ್ಜಿಗೆ ಇನ್ನೂ ನುಂಗುವಷ್ಟು ಎಚ್ಚರವಿದೆಯೆಂದು ನೋಡಿಕೊಂಡು, ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅಜ್ಜಿ ಕಣ್ಣು ಸರಿಯಾಗಿ ಬಿಟ್ಟರು. ಆಸ್ಪತ್ರೆಗೂ ಕರೆದುಕೊಂಡು ಹೋದೆವು. ದಾರಿಯಲ್ಲಿ ಅಜ್ಜಿ ಕೇಳಿದ ಮೊದಲ ಮಾತು, "ಫಾದರ್ ಉಂಡ್ರೇನು?" ಎಂದು. ನನಗೆ ಅತ್ತುಬಿಡಬೇಕೆನಿಸಿತು.

ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಔಷಧಿ ತೆಗೆದುಕೊಂಡು ಊಟ ತಡ ಮಾಡಬಾರದು. ಔಷಧಿ ತನ್ನ ಕೆಲಸ ಮಾಡುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೆ ಅದು ಅಪಾಯದ ಮಟ್ಟಕ್ಕೆ ಹೋಗುತ್ತದೆ. ಬೆವರು, ನಡುಕ, ಎದೆಬಡಿತ, ತಬ್ಬಿಬ್ಬು ಇವು ಅದರ ಗುರುತು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಇಲ್ಲವೇ ಗ್ಲೂಕೋಸ್ ಕೊಡಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಮನೆಯ ಹಿರಿಯರ ಮಾತ್ರೆ ಯಾವುದು, ಊಟಕ್ಕೂ ಅದಕ್ಕೂ ಎಷ್ಟು ಅಂತರವಿರಬೇಕು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿರಿ.

ಆ ರಾತ್ರಿ ಗುರುನಿವಾಸಕ್ಕೆ ಬಂದ ಮೇಲೆ ನಿದ್ದೆ ಬರಲಿಲ್ಲ. ಕೊರಿಂಥದವರಿಗೆ ಸಂತ ಪೌಲರು ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ತೆಗೆದೆ. ಅದರ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಆ ಕಾಲದ ಕೊರಿಂಥದಲ್ಲಿ ವಿಶ್ವಾಸಿಗಳು ಒಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತಿದ್ದರು. ಅನುಕೂಲಸ್ಥರು ಬೇಗ ಬಂದು ಹೊಟ್ಟೆ ತುಂಬ ಉಂಡು ಕುಡಿಯುತ್ತಿದ್ದರು. ದಿನವಿಡೀ ದುಡಿದು ತಡವಾಗಿ ಬಂದ ಕೂಲಿಯವರು, ದಾಸರು ಹಸಿದೇ ಉಳಿಯುತ್ತಿದ್ದರು ಎಂದು ಅನೇಕ ಪಂಡಿತರು ವಿವರಿಸುತ್ತಾರೆ. ಪೌಲರಿಗೆ ಬಹಳ ಸಿಟ್ಟು ಬಂದಿತ್ತು. ಉಣ್ಣಲು ಕೂಡಿದಾಗ ಒಬ್ಬರಿಗೊಬ್ಬರು ಕಾಯಬೇಕೆಂದು ಬುದ್ಧಿ ಹೇಳಿದರು.

ಆದರೆ ಅಜ್ಜಿ ಕಾದಿದ್ದರಲ್ಲವೇ? ಕಾದದ್ದರಿಂದಲೇ ಅಲ್ಲವೇ ಬಿದ್ದದ್ದು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ತಿಳಿಯಿತು: ಕೊರಿಂಥದಲ್ಲಿ ಕಾಯಬೇಕಾದವರು ಬಲಶಾಲಿಗಳು. ಹೊಟ್ಟೆ ತುಂಬಿದವನು ಹಸಿದವನಿಗಾಗಿ ಕಾಯಬೇಕು. ನಮ್ಮಲ್ಲಿ ನಡೆದದ್ದು ತಿರುಗುಮುರುಗು. ಎರಡು ಮನೆಯ ಚಹಾ, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದ ನನಗಾಗಿ ಹಸಿದ ಮುದುಕಿ ಕಾದರು. ಕಾಯುವುದು ಪ್ರೀತಿ ನಿಜ. ಆದರೆ ಕಾಯಿಸುವವನು ಅದನ್ನು ಹಕ್ಕೆಂದು ತಿಳಿದರೆ ಅದೇ ಪ್ರೀತಿ ಹೊರೆಯಾಗುತ್ತದೆ.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ವಿವೇಕಿ. ಹಿರಿಯರಿಗೆ ನೆನಪಿರಬಹುದು, ಮೊದಲು ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನನ್ನೂ ತಿನ್ನುವಂತಿರಲಿಲ್ಲ. 1953ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲವೆಂದು ಹೇಳಿ, ಸಂಜೆಯ ಪೂಜೆಗೂ ಅನುಮತಿ ಕೊಟ್ಟರು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಆರನೆಯ ಪೌಲ ಜಗದ್ಗುರುಗಳು ಅದನ್ನು ಒಂದು ಗಂಟೆ ಮಾಡಿದರು. ಪಾಳಿಯಲ್ಲಿ ದುಡಿಯುವವರು, ಮುದುಕರು, ರೋಗಿಗಳು ದೇವರ ಪಂಕ್ತಿಯಿಂದ ಹೊರಗೆ ಉಳಿಯಬಾರದೆಂಬ ಕಾಳಜಿ ಇದರ ಹಿಂದಿತ್ತು.

ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠದ ನಿಯಮವನ್ನು ನೋಡಿರಿ. ಸಂಜೆಯ ಊಟಕ್ಕೆ ದೀಪ ಹಚ್ಚುವ ಅಗತ್ಯ ಬೀಳಬಾರದು, ಹಗಲಿನ ಬೆಳಕಿರುವಾಗಲೇ ಎಲ್ಲ ಮುಗಿಯಬೇಕು ಎಂದು ಅವರು ವಿಧಿಸಿದರು. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ಬಡಿಸುವ ಸರದಿಯ ಸಹೋದರರಿಗೆ ಊಟಕ್ಕೆ ಒಂದು ಗಂಟೆ ಮುಂಚೆ ಸ್ವಲ್ಪ ರೊಟ್ಟಿ, ಕುಡಿಯಲು ಸ್ವಲ್ಪ ಪಾನೀಯ ಹೆಚ್ಚಿಗೆ ಕೊಡಬೇಕು ಎನ್ನುತ್ತದೆ ಆ ನಿಯಮ. ಗೊಣಗದೆ ಬಡಿಸಲಿ ಎಂಬುದಕ್ಕೆ! ಗುರುಮಠದಲ್ಲಿ ಇದನ್ನು ಓದಿದಾಗ ನಾವು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಹಸಿದವರ ಕೈಯಿಂದ ಬಡಿಸಿಕೊಳ್ಳುವುದು ಸರಿಯಲ್ಲವೆಂದು ಸಾವಿರದೈನೂರು ವರ್ಷಗಳ ಹಿಂದೆಯೇ ಒಬ್ಬ ಸಂತರಿಗೆ ತಿಳಿದಿತ್ತು.

ನಮ್ಮ ಸುತ್ತಲಿನವರಿಂದಲೂ ಕಲಿಯುವುದಿದೆ. ಜೈನ ಬಂಧುಗಳಲ್ಲಿ ಅನೇಕರು ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುತ್ತಾರೆ. ರಂಜಾನ್ ತಿಂಗಳಲ್ಲಿ ಮುಸ್ಲಿಂ ಬಂಧುಗಳು ಸೂರ್ಯ ಮುಳುಗಿದ ಮೇಲೆ ಖರ್ಜೂರ ಬಾಯಿಗಿಟ್ಟು ಉಪವಾಸ ಬಿಡುತ್ತಾರೆ. ಒಬ್ಬರಿಗೆ ಸೂರ್ಯಾಸ್ತ ಕೊನೆ, ಒಬ್ಬರಿಗೆ ಆರಂಭ. ಆದರೆ ಇಬ್ಬರ ಮನೆಯಲ್ಲೂ ಹೊತ್ತು ಎಲ್ಲರಿಗೂ ಗೊತ್ತು. ಯಜಮಾನ ಬಂದಾಗಲೇ ಊಟದ ಹೊತ್ತು ಎಂಬ ನಿಯಮ ಅಲ್ಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಕುಟುಂಬ ನನ್ನ ಬಳಿ ಬಂತು. ಗಂಡನಿಗೆ ಮಿಲ್ಲಿನಲ್ಲಿ ಕೆಲಸ. ಸೀಜನ್ನಿನಲ್ಲಿ ಮನೆ ಸೇರುವುದು ಹತ್ತೂವರೆಗೆ. "ನಾ ದುಡಿದು ಬಂದ್ರ ಮನ್ಯಾಗ ಎಲ್ಲಾರೂ ಉಂಡು ಮಲಗಿರ್ತಾರ ಫಾದರ್. ನಾ ಏನು ಬಾಡಿಗಿಗೆ ಇರೋವ್ನಾ?" ಎಂದ. ಹೆಂಡತಿ ಹೇಳಿದಳು, "ಮಕ್ಕಳು ಕಾದು ಕಾದು ಪುಸ್ತಕದ ಮ್ಯಾಲೆ ನಿದ್ದಿ ಹೋಗ್ತಾವ. ನಾ ಎರಡು ಸಲ ಒಲಿ ಮುಂದ ಕೂಡಬೇಕು. ಅವ್ರಿಗೆ ಬಿಸಿ ರೊಟ್ಟಿನೇ ಆಗಬೇಕು." ಇಬ್ಬರ ಮಾತಿನಲ್ಲೂ ನಿಜವಿತ್ತು. ಅವನಿಗೆ ಬೇಕಾದದ್ದು ಬರೀ ರೊಟ್ಟಿಯಲ್ಲ, ತನಗಾಗಿ ಯಾರೋ ಎಚ್ಚರವಿದ್ದಾರೆಂಬ ಸಮಾಧಾನ. ಅವಳಿಗೆ ಬೇಕಾದದ್ದು ವಿಶ್ರಾಂತಿ.

ನಾನು ಹಡಗಿನ ಹುಡುಗನ ಮಾತು ಹೇಳಿದೆ. "ಎರಡು ಪಂಕ್ತಿ ಮಾಡಿಕೊಳ್ಳಿರಿ. ಆದರೆ ಮೂರನೆಯ ಪಂಕ್ತಿ ಬೇಡ" ಎಂದೆ. ನಮ್ಮ ಮಾತುಕತೆ ಹೀಗೆ ಮುಗಿಯಿತು: ಏಳೂವರೆಗೆ ಮಕ್ಕಳು, ಅತ್ತೆ, ಅವಳು ಕೂಡಿ ಉಣ್ಣುವುದು. ಅವನ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ. ಪಲ್ಯವನ್ನು ಅವನೇ ಬಿಸಿ ಮಾಡಿಕೊಳ್ಳುವುದು. ಅವನು ಉಣ್ಣುವಾಗ ಅವಳು ಪಕ್ಕದಲ್ಲಿ ಹತ್ತು ನಿಮಿಷ ಕೂಡುವುದು, ಬಡಿಸಲು ಅಲ್ಲ, ಮಾತಾಡಲು. ಭಾನುವಾರ ಪೂಜೆಯ ನಂತರದ ಮಧ್ಯಾಹ್ನದ ಊಟ ಮಾತ್ರ ಎಲ್ಲರೂ ಕೂಡಿ, ಟಿವಿ ಆರಿಸಿ. ತಿಂಗಳ ಮೇಲೆ ಅವನು ಸಿಕ್ಕಾಗ, "ಫಾದರ್, ಒಲಿ ಹಚ್ಚೋದು ಕಲಿತೆ" ಎಂದು ನಾಚಿಕೊಂಡು ನಕ್ಕ.

ಎಲ್ಲರ ಮನೆಗೂ ಇಷ್ಟು ಸುಲಭದ ದಾರಿಯಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಪಶ್ಚಿಮ ಕರ್ನೂಲಿನ ಹಳ್ಳಿಗಳಿಂದ ಪ್ರತಿ ವರ್ಷ ಎಷ್ಟೋ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೂ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೂ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮಕ್ಕಳು. ಅಂಥ ಒಂದು ಮನೆಯಲ್ಲಿ ರಾತ್ರಿ ಎಂಟರ ತನಕ ಚಿಕ್ಕ ಹುಡುಗಿ ತಟ್ಟೆಯ ಮುಂದೆ ಕೂತಿದ್ದಳು. "ಯಾಕಮ್ಮಾ ಉಣ್ಣವಲ್ಲಿ?" ಎಂದೆ. "ಅವ್ವ ಫೋನ್ ಮಾಡ್ತಾಳ. ಉಂಡಿಯೇನು ಅಂತ ಕೇಳ್ತಾಳ. ಆಮೇಲೆ ಉಣ್ತೀನಿ" ಎಂದಳು. ಅಲ್ಲಿ ದೂರದ ಗುಡಾರದಲ್ಲಿ ತಾಯಿ, ಇಲ್ಲಿ ಮಗಳು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಆ ಮಗುವಿಗೆ ಬೇಗ ಉಣ್ಣು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾದರೆ ಬೇಗ ಉಣ್ಣುವುದು ಒಳ್ಳೆಯದೋ, ತಡವಾಗಿ ಉಣ್ಣುವುದೋ? ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಉಂಡರೆ ಎದೆಯುರಿ, ಹುಳಿತೇಗು ಕಡಿಮೆಯೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಆಗುವವರು ಬೇಗ ಉಣ್ಣಿರಿ. ಆಗದವರು ಚಿಂತಿಸಬೇಡಿರಿ. ಆದರೆ ಹೊತ್ತನ್ನು ನಿಶ್ಚಯಿಸುವಾಗ ಮನೆಯಲ್ಲಿ ಅತ್ಯಂತ ಅಶಕ್ತರು ಯಾರೆಂದು ಮೊದಲು ನೋಡಿರಿ: ಮಾತ್ರೆ ನುಂಗುವ ಅಜ್ಜಿಯೋ, ತೂಕಡಿಸುವ ಮಗುವೋ, ಬಸುರಿ ಸೊಸೆಯೋ. ಅವರ ಹೊಟ್ಟೆಯೇ ಮನೆಯ ಗಡಿಯಾರವಾಗಲಿ.

ಆ ಅಜ್ಜಿ ಈಗಲೂ ಗಟ್ಟಿಯಾಗಿದ್ದಾರೆ. ಆ ರಾತ್ರಿಯ ನಂತರ ನಾನು ಎರಡು ನಿಯಮ ಮಾಡಿಕೊಂಡೆ. ಆಶೀರ್ವಾದಕ್ಕೆ ಹೋದ ಮನೆಯಲ್ಲಿ ರಾತ್ರಿ ಎಂಟು ದಾಟಿದರೆ ಊಟಕ್ಕೆ ನನಗಾಗಿ ಯಾರೂ ಕಾಯಬಾರದು. ಇನ್ನು ನಮ್ಮ ಚರ್ಚಿನ ಹಬ್ಬದ ಊಟದಲ್ಲಿ ಮೊದಲ ಪಂಕ್ತಿ ವೃದ್ಧರಿಗೆ, ಮಕ್ಕಳಿಗೆ, ದೂರದ ಹಳ್ಳಿಯಿಂದ ಬಂದವರಿಗೆ. ಅಡುಗೆಯವರಿಗೆ ಅದಕ್ಕೂ ಮುಂಚೆ ಒಂದು ತುತ್ತು. ಕೊನೆಯ ಪಂಕ್ತಿಯಲ್ಲಿ ನಾನು. ಕಳೆದ ಹಬ್ಬದಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಪಾಯಸ ಮುಗಿದಿತ್ತು. ಅಜ್ಜಿ ತಮ್ಮ ಲೋಟದಲ್ಲಿ ಅರ್ಧ ಉಳಿಸಿ ಇಟ್ಟಿದ್ದರು. "ನೀವು ಕುಡೀಬಾರದು ಅಂತಾರ ಡಾಕ್ಟರು, ನಿಮಗ ಬ್ಯಾರೆ ಯಾರ ಕೊಟ್ಟಾರು ಪಾಯಸಾ?" ಎಂದು ನಾನು ಗದರಿದೆ.

"ನನಗಲ್ರಿ ಫಾದರ್, ನಿಮಗ ಅಂತ ಇಸಗೊಂಡೆ" ಎಂದರು.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ಊಟಕ್ಕೆ ಕೂಡುವ ಮುಂಚೆ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ಕೇಳಿರಿ: "ನಿನ್ನದು ಊಟ ಆಯಿತೇ?" ಅದಾದ ಮೇಲೆ ಊಟದ ಪ್ರಾರ್ಥನೆ ಹೇಳಿರಿ. ದೇವರು ನಿಮ್ಮ ಎಲ್ಲ ಪಂಕ್ತಿಗಳನ್ನೂ ಆಶೀರ್ವದಿಸಲಿ.